ಹೇಳಿ ಏಳಬೇಕಾದ ಬೆಂಚು

ಕೋರ್ಟಿನ ಎದುರು ಹೊಲಿಗೆ ಮೆಷಿನ್ ಇಟ್ಟುಕೊಂಡು ಕೂತವಳು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ರಸ್ತೆ ದಾಟಿಕೊಂಡು ಬರುತ್ತದೆ. ಕೊಳ್ಳೇಗಾಲದಲ್ಲಿ ನನಗೆ ದಿನಕ್ಕೊಂದಾದರೂ ಸಿಗುತ್ತಿತ್ತು. ಕಷ್ಟ ಏನೆಂದರೆ, ಹಗಲು ನಕ್ಕದ್ದನ್ನು ಸಂಜೆ ಮನೆಗೆ ಹೋಗಿ ಹೇಳಲು ಯಾರಾದರೂ ಇರಬೇಕು. ನನಗೆ ಇರಲಿಲ್ಲ. ಹೇಳಿ ಖರ್ಚು ಮಾಡದ ಕಾರಣಕ್ಕೇ ಇರಬೇಕು, ಎಲ್ಲ ಹಾಗೇ ನೆನಪಿನಲ್ಲಿ ಉಳಿದಿವೆ.

ಎಮ್ಮೆ ಇದ್ದ ಕಾಗದ

ನನ್ನ ಗಂಡ ಒಂದು ಕಾಗದ ತಂದು, "ಇಲ್ಲೊಂದು ಹೆಬ್ಬೆಟ್ಟು ಒತ್ತು" ಅಂದಾಗ ನನಗೆ ಹತ್ತೊಂಬತ್ತು ವರ್ಷ. ಏನಿದು ಅಂದೆ. ಕಂದಾಯದ್ದು ಅಂದ. ಒತ್ತಿದೆ. ಎರಡು ದಿನ ಬಿಟ್ಟು ಅವನು ಘಟ್ಟ ಇಳಿದು ಸತ್ಯಮಂಗಲದ ಕಡೆ ಹೋದ. ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಊರಿನ ಯಜಮಾನರ ಮುಂದೆ ನಿಂತು ನ್ಯಾಯ ಕೇಳಿದರೆ, ಅವನ ಅಣ್ಣ ಅದೇ ಕಾಗದ ಬೀಸಿ, "ಇವಳೇ ಒಪ್ಪಿ ಬಿಟ್ಟುಕೊಟ್ಟವಳೆ, ನೋಡಿ" ಅಂದ. ಯಜಮಾನರು ಹೆಬ್ಬೆಟ್ಟು ನೋಡಿದರು, ನನ್ನ ಮುಖ ನೋಡಿದರು, ಎದ್ದು ಹೋದರು. ಕಾಗದದ ಒಂದು ನಕಲು ಮಾತ್ರ ನನ್ನ ಪಾಲಿಗೆ ಬಂತು.

ಯಾರಾದರೂ ಓದಿ ಹೇಳುತ್ತಿದ್ದರು, ನಿಜ. ಆದರೆ ಇನ್ನೊಬ್ಬರ ಬಾಯಿಂದ ಕೇಳಿಯೇ ತಾನೆ ನಾನು ಒತ್ತಿದ್ದು? ನಾನೇ ಓದುತ್ತೇನೆ ಅಂತ ಹಟ ಹಿಡಿದೆ. ಅವತ್ತು ಎರಡು ಶಪಥ ಮಾಡಿಕೊಂಡೆ. ಇನ್ನು ಹೆಬ್ಬೆಟ್ಟು ಒತ್ತುವುದಿಲ್ಲ. ಕನಿಕರದಿಂದ ಬಡಿಸುವವರ ಮನೆಯಲ್ಲಿ ಊಟ ಮಾಡುವುದಿಲ್ಲ.

ಅಷ್ಟರಲ್ಲಿ ನಮ್ಮ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಬಸ್ಸುಗಳಿಗೆಲ್ಲ ಹೊಸದಾಗಿ ಕನ್ನಡದ ಬೋರ್ಡು ಬಂತು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು, ಆದ್ದರಿಂದ ಮೇಲೆ ಏನು ಬರೆದಿರಬೇಕು ಅಂತಲೂ ಗೊತ್ತಾಯಿತು. ಹನೂರು, ಯಳಂದೂರು, ಬಂಡಳ್ಳಿ, ಅಜ್ಜೀಪುರ. ನನ್ನ ಅಕ್ಷರಮಾಲೆ ಅದೇ. ಒಮ್ಮೆ ಡ್ರೈವರು ಬೋರ್ಡು ಬದಲಾಯಿಸಲು ಮರೆತದ್ದರಿಂದ ಒಂದು ವಾರ ನಾನು ಯಳಂದೂರನ್ನು ಹನೂರು ಅಂತಲೇ ಕಲಿತೆ.

ಎರಡು ವರ್ಷಕ್ಕೆ ಸಲೀಸಾಗಿ ಓದಲು ಬಂತು. ಬಾಗಿಲು ಹಾಕಿಕೊಂಡು, ಟ್ರಂಕು ತೆಗೆದು, ಕಾಗದ ಬಿಡಿಸಿದೆ. ಅದು ತಮಿಳಿನಲ್ಲಿತ್ತು.

ತಮಿಳು ನನ್ನ ಕಿವಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಮತ್ತೆ ಬಸ್ ಸ್ಟ್ಯಾಂಡಿಗೆ ಹೋದೆ. ಸತ್ಯಮಂಗಲದ ಕಡೆಯಿಂದ ಬರುವ ಬಸ್ಸು ದಿನಕ್ಕೆ ಒಂದೇ ಇದ್ದದ್ದರಿಂದ ತಮಿಳು ಕಲಿಯುವುದು ನಿಧಾನವಾಯಿತು. ಕೊನೆಗೂ ಓದಿದೆ. ನಾನು ಮನಸಾರೆ ಬಿಟ್ಟು ಹೋಗುತ್ತಿದ್ದೇನೆ ಅಂತಲೂ, ಬದಲಿಗೆ ಹಾಲು ಕರೆಯುವ ಎಮ್ಮೆಯೊಂದನ್ನು ಪಡೆದಿದ್ದೇನೆ ಅಂತಲೂ ಅದರಲ್ಲಿ ಇತ್ತು.

ಗಂಡ ಹೋದದ್ದು ಗೊತ್ತಿತ್ತು. ಎಮ್ಮೆಯೂ ಹೋಗಿತ್ತು ಅಂತ ಅವತ್ತೇ ಗೊತ್ತಾದದ್ದು.

ಬೆಂಚು

ಹೊಲಿದು ಹೊಲಿದು ಕೋರ್ಟಿನ ಎದುರು ಒಂದು ಅಂಗಡಿ, ಅದರ ಹಿಂದೆಯೇ ಒಂದು ಮನೆ ಮಾಡಿಕೊಂಡೆ. ನೋಟಿಸು ಹಿಡಿದು ಬರುವ ಹೆಂಗಸರಿಗೆ, ಹೆಬ್ಬೆಟ್ಟು ಒತ್ತುವ ಮೊದಲು, ಅದರಲ್ಲಿ ಏನಿದೆ ಅಂತ ಓದಿ ಹೇಳುತ್ತಿದ್ದೆ. ಅದಕ್ಕೆ ಕಾಸು ಮುಟ್ಟುತ್ತಿರಲಿಲ್ಲ. ಬಂದವರು ಕೂರಲಿ ಅಂತ ಬಡಗಿಯಿಂದ ಒಂದು ಬೆಂಚು ಮಾಡಿಸಿದೆ. ಅಳತೆ ನಾನೇ ಕೊಟ್ಟೆ. ಕಾಲುಗಳು ಎರಡೂ ನಡುವಿನ ಹತ್ತಿರ ಬಂದು, ತುದಿಗಳು ಗಾಳಿಯಲ್ಲಿ ನಿಂತವು. ಎರಡು ತುದಿಯಲ್ಲಿ ಇಬ್ಬರು ಕೂತರೆ ಬಂಡೆಯ ಹಾಗೆ ಇರುತ್ತಿತ್ತು. ಒಬ್ಬರು ಎದ್ದರೆ ಇನ್ನೊಬ್ಬರು ನೆಲಕ್ಕೆ. "ಸರಿ ಮಾಡಿಕೊಡಲಾ ಅಕ್ಕ?" ಅಂತ ಬಡಗಿ ಕೇಳಿದ. ಅಳತೆ ಕೊಟ್ಟವಳು ನಾನಲ್ಲವೆ? ಬೇಡ ಅಂದೆ. ಕೂತವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: "ಏಳುವಾಗ ಹೇಳಿ ಏಳಿ."

ಒಂದು ದಿನ ಬಂಡಳ್ಳಿಯ ರೇಷ್ಮೆ ಹುಳು ಸಾಕುವವನೊಬ್ಬನ ಮೇಲೆ ಅವನ ಹೆಂಡತಿ ಜೀವನಾಂಶಕ್ಕೆ ಹಾಕಿದ್ದ ಅರ್ಜಿ ಕೋರ್ಟಿಗೆ ಬಂತು. ಹೆಂಡತಿ ಯಳಂದೂರಿನವಳು, ತೌರಿಗೆ ಹೋಗಿ ಕೂತಿದ್ದಳು. ಮನೆಗೆ ಬಂದರೆ ಅನ್ನ ಹಾಕುತ್ತೇನೆ ಅಂತ ಗಂಡ ಹೇಳಿಸಿದ್ದ.

"ಕರೀತಾ ಇದ್ದಾನಲ್ಲಮ್ಮ, ಯಾಕೆ ಹೋಗುವುದಿಲ್ಲ?" ಅಂತ ಮ್ಯಾಜಿಸ್ಟ್ರೇಟರು ಕೇಳಿದರು.

"ಒಡೆಯಕಿಲ್ಲ, ಕುಡಿಯಕಿಲ್ಲ ಸಾ. ನನ್ ಕುಟ್ಟೆ ಮಾತಾಡಕಿಲ್ಲ. ಮೂರು ವರ್ಸದಿಂದ ಬರೀ ಉಳದ ಕುಟ್ಟೆ ಮಾತಾಡ್ತನೆ."

ಗಂಡ ತಲೆ ತಗ್ಗಿಸಿ ನಿಂತಿದ್ದ. ಮ್ಯಾಜಿಸ್ಟ್ರೇಟರು ವಯಸ್ಸಾದವರು, ಆತುರದವರಲ್ಲ. "ನಾನು ಊಟ ಮಾಡಿ ಬರುವ ತನಕ ಇಬ್ಬರೂ ಹೊರಗೆ ಕೂತು ಮಾತಾಡಿಕೊಳ್ಳಿ" ಅಂತ ಕಳಿಸಿದರು. ಹೊರಗೆ ನೆರಳಲ್ಲಿ ಇದ್ದದ್ದು ನನ್ನ ಬೆಂಚು ಒಂದೇ.

ಆ ತುದಿಗೆ ಅವನು, ಈ ತುದಿಗೆ ಇವಳು. ಬೆಂಚಿನ ಗುಣ ಹೇಳಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನಾನು ಒಂದು ರವಿಕೆ ಪೂರ್ತಿ ಹೊಲಿದು ಮುಗಿಸಿದೆ, ಒಂದು ಮಾತಿಲ್ಲ. ಕೊನೆಗೆ ಅವನು ಎಲೆ ಅಡಿಕೆ ಉಗಿಯಲು ಎದ್ದ. ಇವಳು ದಬಕ್ ಅಂತ ಮಣ್ಣಿಗೆ ಬಿದ್ದಳು.

"ಎದ್ದೋಗಾಗ ಒಂದ್ ಮಾತು ಯೋಳಕಾಗಕಿಲ್ವಾ ನಿಂಗೆ?" ಅಂತ ಕೂಗಿದಳು.

ಅವನು ಉಗುಳು ನುಂಗಿಕೊಂಡು ತಿರುಗಿದ. ಮೂರು ವರ್ಷದ ಮೇಲೆ ಅವನ ಮೊದಲ ಮಾತು ಬಂತು.

"ನೀನು ಮನೆ ಬುಟ್ಟೋಗಾಗ ಯೋಳಿದ್ಯಾ?"

ಹುಳುವಿನ ಸಾಕ್ಷಿಗಳು

ಮಾತು ಶುರುವಾಯಿತು ಅಂತ ಮ್ಯಾಜಿಸ್ಟ್ರೇಟರು ಒಂದು ತಿಂಗಳು ವಾಯಿದೆ ಕೊಟ್ಟರು. ಎರಡು ವಾರ ಕಳೆದಿರಲಿಲ್ಲ, ಹೆಂಡತಿ ನನ್ನ ಅಂಗಡಿಗೆ ಓಡಿ ಬಂದಳು.

"ಅಕ್ಕ, ಉಳ ನಾಕನೇ ಜ್ವರದಿಂದ ಎದ್ದವೆ."

ಹುಳು ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು. ಪೊರೆ ಬಿಡಲು ಮಲಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟುವ ತನಕ ಒಂದು ವಾರ ಅವು ಮಳೆ ಹೊಯ್ದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತವೆ. ಒಬ್ಬರು ಸೊಪ್ಪು ಕೊಯ್ಯಬೇಕು, ಒಬ್ಬರು ಹಾಕುತ್ತಿರಬೇಕು. ಒಬ್ಬನಿಂದ ಆಗುವ ಕೆಲಸವಲ್ಲ.

"ಓಗದೆ ಇದ್ರೆ ಉಳ ಸಾಯ್ತವೆ. ಓದ್ರೆ ಗಂಡನ ಮನೆ ಒಕ್ಕಂಗಾಯ್ತದೆ, ಕೇಸು ಬಿದ್ದೋಯ್ತದೆ ಅಂತರೆ ವಕೀಲ್ರು. ಏನ್ ಮಾಡ್ಲಿ?"

ನನ್ನ ಬಳಿ ಇದ್ದ ಕಾನೂನಿನ ಪುಸ್ತಕವನ್ನು ಮೊದಲಿಂದ ಕೊನೆಯ ತನಕ ಓದಿದೆ. ಹುಳುವಿನ ಮಾತೇ ಇಲ್ಲ. "ಹೋಗು. ಆದರೆ ಸಾಕ್ಷಿ ಇಟ್ಟುಕೊಂಡು ಹೋಗು. ಹುಳುವಿಗೆ ಬಂದಿದ್ದೇನೆ, ಗಂಡನಿಗಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಿರಲಿ" ಅಂದೆ.

ಬಂಡಳ್ಳಿಯ ಹೆಂಗಸರು ಇದನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ತಮ್ಮತಮ್ಮಲ್ಲೇ ಸರದಿ ಹಾಕಿಕೊಂಡು, ದಿನವೂ ನಾಲ್ಕು ಜನ ಆ ಮನೆಯಲ್ಲಿ ಸಾಕ್ಷಿಗೆ ಕೂತರು. ಸುಮ್ಮನೆ ಕೂರಲು ಆಗದೆ ಸೊಪ್ಪು ಕತ್ತರಿಸಿದರು, ಹುಳುವಿನ ತಟ್ಟೆ ಗುಡಿಸಿದರು. ಹಸಿವಾಯಿತು ಅಂತ ಅವರೇ ಒಲೆ ಹಚ್ಚಿದರು. ಅವರೇ ಬಡಿಸಿದಾಗ ಗಂಡ ಹೆಂಡತಿ ಎದುರುಬದುರು ಕೂತು ಉಣ್ಣಬೇಕಾಯಿತು. ಆ ವಾರ ಆ ಮನೆಯಲ್ಲಿ ಇದ್ದಷ್ಟು ಜನ ಅವರ ಮದುವೆಯಲ್ಲೂ ಇರಲಿಲ್ಲವಂತೆ.

ವಾಯಿದೆಯ ದಿನ ಮ್ಯಾಜಿಸ್ಟ್ರೇಟರು ಕೇಳಿದರು: "ಏನಮ್ಮ, ಗಂಡನ ಜೊತೆ ಇದ್ದೆಯಾ?"

"ಇಲ್ಲ ಸಾ, ಉಳದ ಜೊತೇಲಿದ್ದೆ."

"ನೀನೇನಯ್ಯ, ಹೆಂಡತಿ ಜೊತೆ ಇದ್ದೆಯಾ?"

"ಇಲ್ಲ ಸಾ, ಸಾಕ್ಸಿಗಳ ಜೊತೇಲಿದ್ದೆ."

ರಾಜಿ ಆಯಿತು. ಆದರೆ ಹೆಂಡತಿ ಕಾಗದವನ್ನು ನನಗೆ ಓದಿಸಿ, ಅದರಲ್ಲಿ ಒಂದು ಷರತ್ತು ಸೇರಿಸದೆ ಹೆಬ್ಬೆಟ್ಟು ಒತ್ತುವುದಿಲ್ಲ ಅಂದಳು. ಹುಳುವಿನ ಮಾತು ಬಿಟ್ಟು, ಗಂಡ ದಿನಕ್ಕೆ ಒಂದಾದರೂ ಮಾತಾಡಬೇಕು. ಅಂಥದ್ದು ಕಾನೂನಿನಲ್ಲಿ ಇಲ್ಲ ಅಂತ ವಕೀಲರು ನಕ್ಕರು. ಮ್ಯಾಜಿಸ್ಟ್ರೇಟರು ನಗದೆ, "ಬರೆದುಕೊಳ್ಳಿ" ಅಂದರು.

ಗಂಡ ಬಹಳ ಹೊತ್ತು ಯೋಚಿಸಿ ಕೈಮುಗಿದ.

"ಬೈದ್ರೆ ಲೆಕ್ಕಕ್ಕೆ ಸೇರ್ತದಾ ಸಾ?"

ಹನೂರಿನ ಭಾಷಣ

ಬಂಡಳ್ಳಿಯ ಸುದ್ದಿ ಹರಡಿ, ಹನೂರಿನ ಮಹಿಳಾ ಮಂಡಳಿಯವರು ನನ್ನನ್ನು ಭಾಷಣಕ್ಕೆ ಕರೆದರು. ಒಳ್ಳೆಯ ಸೀರೆ ಉಟ್ಟು, ಮೆಷಿನ್ನಿಗೆ "ಹೋಗಿ ಬರ್ತೀನಿ" ಅಂತ ಹೇಳಿ ಬಸ್ಸು ಹತ್ತಿದೆ. ಮನೆಯಿಂದ ಹೊರಡುವಾಗ ಹೇಳಲು ಮೆಷಿನ್ನೇ ನನಗೆ ಇದ್ದದ್ದು.

ಶಾಲೆಯ ಜಗಲಿಯ ತುಂಬ ಹೆಂಗಸರು. ನಾನು ಒಂದು ಗಂಟೆ ಮಾತಾಡಿದೆ. ಏನು ಬರೆದಿದೆ ಅಂತ ಗೊತ್ತಾಗದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಗಂಡ ಕೊಟ್ಟರೂ ಒತ್ತಬೇಡಿ, ಅಣ್ಣ ಕೊಟ್ಟರೂ ಒತ್ತಬೇಡಿ, ದೇವರೇ ತಂದು ಕೊಟ್ಟರೂ ಮೊದಲು ಓದಿಸಿ. ನನ್ನ ಕಥೆಯನ್ನೂ ಹೇಳಿದೆ. ಕೆಲವರು ಕಣ್ಣು ಒರೆಸಿಕೊಂಡರು.

ನಾನು ಮಾತಾಡುತ್ತಿರುವಾಗಲೇ ಹಿಂದಿನಿಂದ ಒಂದು ಕಾಗದವೂ ಇಂಕಿನ ಪ್ಯಾಡೂ ಕೈಯಿಂದ ಕೈಗೆ ಹೋಗುತ್ತಿದ್ದವು. ಭಾಷಣ ಮುಗಿಯುವ ಹೊತ್ತಿಗೆ ನನ್ನ ಕೈಗೇ ಬಂದವು. ಅಷ್ಟೂ ಹೆಂಗಸರ ಹೆಬ್ಬೆಟ್ಟು ಸಾಲಾಗಿ ಬಿದ್ದಿದ್ದವು. ಮೇಲೆ ಒಂದು ಅಕ್ಷರವೂ ಇರಲಿಲ್ಲ. ಹಾಜರಿ ಅಂತ ಆಮೇಲೆ ಬರೆದುಕೊಳ್ಳುವವರಿದ್ದರಂತೆ.

ನನಗೆ ಮೈ ಉರಿಯಿತು. "ಖಾಲಿ ಕಾಗದಕ್ಕೆ ಒತ್ತಿದ್ದೀರಲ್ಲ! ನಾನು ಇಷ್ಟು ಹೊತ್ತು ಹೇಳಿದ್ದೇನು?"

ಎಲ್ಲರೂ ತಲೆ ತಗ್ಗಿಸಿದರು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಮಾತ್ರ ಸಮಾಧಾನದಿಂದ ಹೇಳಿದಳು:

"ಒತ್ತಿದ್ರೆ ನಿನ್ ಮಾತು ಮುಗೀತದೆ ಅಂದ್ರು ಕಣವ್ವ. ನಮ್ಗೂ ಮನೇಲಿ ಕೆಲ್ಸ ಇತ್ತು."

ಆ ಕಾಗದವನ್ನು ಅವರ ಎದುರೇ ಹರಿದು, ಮುಂದಿನ ವಾರದಿಂದ ಭಾಷಣ ಬಿಟ್ಟು ಅಕ್ಷರ ಕಲಿಸಲು ಹೋದೆ. ಮೊದಲ ಪಾಠ ಬಸ್ಸಿನ ಬೋರ್ಡು. ಬಂಡಳ್ಳಿಯ ಹೆಂಡತಿಯೂ ಬಂದು ಸೇರಿದಳು. ಪಾಠ ಮುಗಿದ ಮೇಲೆ ಅಜ್ಜಿ ದಿನವೂ ಊಟಕ್ಕೆ ಕರೆಯುತ್ತಿದ್ದಳು. ನಾನು ದಿನವೂ ಹಸಿವಿಲ್ಲ ಅನ್ನುತ್ತಿದ್ದೆ. ಬಸ್ಸಿನಲ್ಲಿ ಹೊಟ್ಟೆಯ ಸದ್ದು ಪಕ್ಕದವರಿಗೆ ಕೇಳಬಾರದು ಅಂತ ಕಂಡಕ್ಟರ ಹತ್ತಿರ ಜೋರಾಗಿ ಮಾತಾಡುತ್ತಿದ್ದೆ.

ನೀನೇ ಕಲಿಸಿದ್ದು

ವರ್ಷಗಳು ಕಳೆದವು. ಒಂದು ಮಧ್ಯಾಹ್ನ, ತಲೆ ನರೆತವನೊಬ್ಬ ಕಾಗದ ಹಿಡಿದು ಅಂಗಡಿಯ ಮುಂದೆ ನಿಂತ.

"ಅಮ್ಮ, ಎರಡೂ ಭಾಷೆ ಓದಿ ಇದ್ದದ್ದು ಇದ್ದಂಗೆ ಯೋಳ್ತೀರಿ ಅಂದ್ರು, ಅದಕ್ಕೇ ಘಟ್ಟ ಅತ್ತಿ ಬಂದೆ. ನಮ್ಮಣ್ಣ ಇದಕ್ಕೆ ಎಬ್ಬೆಟ್ಟು ಒತ್ತು ಅಂತನೆ."

ಅವನು ನನ್ನನ್ನು ಗುರುತಿಸಲಿಲ್ಲ. ನಾನು ಗುರುತಿಸಿದೆ, ಘಟ್ಟ ಇಳಿದು ಹೋಗಿದ್ದ ನನ್ನ ಗಂಡ. ಕೂರು ಅಂದೆ. ಆ ತುದಿಗೆ ಕೂತ. ನಾನು ಈ ತುದಿಗೆ ಕೂತು ಕಾಗದ ತೆಗೆದುಕೊಂಡೆ.

ತಮಿಳಿನ ಕಾಗದ. ತನ್ನ ಪಾಲಿನ ಹೊಲವನ್ನೆಲ್ಲ ಮನಸಾರೆ ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದಿತ್ತು. ಅದೇ ಅಣ್ಣ. ನನ್ನ ಕಾಗದ ಬೀಸಿದವನು. "ಮಕ್ಕಳೆಷ್ಟು?" ಅಂತ ಕೇಳಿದೆ. ಮೂರು ಹೆಣ್ಣು ಅಂದ. ಕಂದಾಯದ್ದು, ಒತ್ತು ಅಂತ ನಾನು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒತ್ತಿದರೆ ಬೀದಿಗೆ ಬೀಳುವವರು ಆ ಹೆಣ್ಣುಮಕ್ಕಳೂ ಅವರ ತಾಯಿಯೂ.

ಮೊದಲಿಂದ ಕೊನೆಯ ತನಕ, ಒಂದು ಅಕ್ಷರ ಬಿಡದೆ ಓದಿ ಹೇಳಿದೆ. "ಒತ್ತಬೇಡ. ವಕೀಲರ ಹತ್ತಿರ ಹೋಗಿ ಪಾಲು ಕೇಳು" ಅಂದೆ.

ಅವನು ಕೈಮುಗಿದು, "ತಾಯಿ, ಕೊಳ್ಳೇಗಾಲದವರು ಇಷ್ಟು ಚೆನ್ನಾಗಿ ತಮಿಳು ಓದಾದು ಎಲ್ಲಿ ಕಲಿತ್ರಿ?" ಅಂದ.

"ನೀನೇ ಕಲಿಸಿದ್ದು" ಅಂದೆ. ಅವನ ಹೆಸರು ಹಿಡಿದು ಕರೆದೆ.

ಕಾನೂನಿನ ಪ್ರಕಾರ ನಾನು ಅವನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದೆ. ಇನ್ನು ಬೆಂಚಿನದು. ಹೇಳದೆ ಎದ್ದೆ.

ಎರಡು ತಿಂಗಳು ಬಿಟ್ಟು, ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಪಕ್ಕದ ಹುಣಸೆ ಮರಕ್ಕೆ ಎಮ್ಮೆಯೊಂದನ್ನು ಕಟ್ಟಿದ್ದರು. ಹೊಲ ಉಳಿಯಿತು ಅಂತ ಹೇಳಿ ಯಾರೋ ಹೋದರಂತೆ. ನನ್ನ ಹಳೆಯ ಕಾಗದದಲ್ಲಿ ಕರೆಯುವ ಎಮ್ಮೆ ಅಂತ ಇತ್ತು.

ಬಂದದ್ದು ಗೊಡ್ಡು.

ಎಮ್ಮೆಯ ಮೇಲೆ ನ್ಯಾಯ

ಗೊಡ್ಡಾದರೂ ನಾನು ಅದನ್ನು ಮಾರಲಿಲ್ಲ. ಸಂಜೆ ಹುಲ್ಲು ಹಾಕಿ, ಅವತ್ತಿನ ನಗುವನ್ನು ಅದಕ್ಕೆ ಹೇಳುತ್ತಿದ್ದೆ. ಮೆಲುಕು ಹಾಕಿಕೊಂಡು ಕೇಳುತ್ತಿತ್ತು. ಒಮ್ಮೆಯೂ ನಕ್ಕದ್ದಿಲ್ಲ. ಮಧ್ಯದಲ್ಲಿ ಎದ್ದು ಹೋದದ್ದೂ ಇಲ್ಲ, ಕಟ್ಟಿಹಾಕಿದ್ದೆನಲ್ಲ.

ಕೋರ್ಟಿಗೆ ರಜವಿದ್ದ ಒಂದು ದಿನ ಬೀದಿಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಒಬ್ಬರೇ ಇದ್ದರೆ ನಡುವೆ ಕೂರಬೇಕು. ಅಷ್ಟೂ ವರ್ಷ ನಾನು ನಡುವೆಯೇ ಕೂತಿದ್ದೆ. ಅವತ್ತು ಯಾಕೋ ಪೇಪರು ಹಿಡಿದು ನೇರ ತುದಿಗೆ ಹೋಗಿ ಕೂತೆ, ಆ ತುದಿಯಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ. ಬಲಗೈ ಮುರಿಯಿತು.

ಕೇಳಿದವರಿಗೆಲ್ಲ ಎಮ್ಮೆ ಗುದ್ದಿತು ಅಂದೆ. ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರಿನ ಗಾರೆ ಹಾಕಿ ಕಳಿಸಿದರು. ಓಣಿಯವರು ಊಟ ತಂದರೆ, ಮಾಡಿಕೊಂಡಿದ್ದೇನೆ ಅಂತ ವಾಪಸು ಕಳಿಸಿದೆ. ಎಡಗೈಯಲ್ಲಿ ಮುದ್ದೆ ತೊಳಸಿದರೆ ಮುದ್ದೆ ಸುಮ್ಮನಿರುತ್ತದೆ, ಮಡಕೆ ತಿರುಗುತ್ತದೆ. ನಾಲ್ಕು ದಿನ ಮಡಕೆಯ ಹಿಂದೆ ತಿರುಗಿ, ಕೊನೆಗೆ ಹಸಿ ಕಡಲೆಕಾಯಿ ತಿಂದುಕೊಂಡು ಇದ್ದೆ.

ಭಾನುವಾರ ಬೆಳಿಗ್ಗೆ ನೋಡಿದರೆ ಅಂಗಡಿಯ ಮುಂದೆ ಜನ. ಬಂಡಳ್ಳಿಯ ಗಂಡ ಹೆಂಡತಿ, ಹನೂರಿನ ಅಜ್ಜಿ, ನನ್ನ ಓಣಿಯ ಹೆಂಗಸರು. ಹೆಂಗಸರೆಲ್ಲ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಒಂದು ತುದಿಯನ್ನು ನನಗೆ ಬಿಟ್ಟಿದ್ದರು. ಬಂಡಳ್ಳಿಯವನು ಮರಕ್ಕೆ ಒರಗಿ ನಿಂತಿದ್ದ.

"ಏನಿದು?" ಅಂತ ಆ ತುದಿಗೆ ಕೂತೆ.

"ನ್ಯಾಯ" ಅಂದಳು ಅಜ್ಜಿ. "ಗುದ್ದಿ ಕೈ ಮುರಿಯೋ ಎಮ್ಮೇನ ಒಬ್ಬೊಂಟಿ ಎಂಗ್ಸಿನ ಮನೇಲಿ ಬುಡಕಾಗಕಿಲ್ಲ. ಸಂತೆಗೆ ಒಡ್ಕಂಡೋಗಿ ಮಾರ್ಬುಡದು ಅಂತ ಮಾತಾಯ್ತು."

ಓಣಿಯ ಹೆಂಗಸೊಬ್ಬಳು ಎದ್ದು ಹೋಗಿ ಹಗ್ಗ ಬಿಚ್ಚತೊಡಗಿದಳು. ಎಮ್ಮೆ ನನ್ನ ಕಡೆ ನೋಡಿತು. ಎಷ್ಟು ದಿನದ ಮಾತು ಅದರ ಹೊಟ್ಟೆಯಲ್ಲಿತ್ತು!

"ಬಿಡಿ, ಎಮ್ಮೆ ಗುದ್ದಲಿಲ್ಲ" ಅಂದೆ. "ಬೆಂಚಿನಿಂದ ಬಿದ್ದೆ."

"ಯೋಳದೆ ಎದ್ದೋರು ಯಾರು?" ಅಂತ ಬಂಡಳ್ಳಿಯ ಹೆಂಡತಿ ಕೇಳಿದಳು.

"ಯಾರೂ ಇರಲಿಲ್ಲ."

ಹಗ್ಗ ಬಿಚ್ಚುತ್ತಿದ್ದವಳು ಮತ್ತೆ ಗಂಟು ಹಾಕಿ ಬಂದು ಕೂತಳು. ಬಂಡಳ್ಳಿಯ ಹೆಂಡತಿ ಸೆರಗಿನಿಂದ ಒಂದು ಕಾಗದ ತೆಗೆದಳು. ಅವಳೇ ಬರೆದದ್ದು, ನಾನು ಕಲಿಸಿದ ಅಕ್ಷರ. ಎಮ್ಮೆಯ ಮಾತು ಬರೀ ನೆವ, ಮಗುಚಿ ಬಿದ್ದಿದ್ದ ಬೆಂಚನ್ನು ಓಣಿಯವರು ಅವತ್ತೇ ಕಂಡಿದ್ದರಂತೆ. ದಿನವೂ ಒಂದು ಮನೆಯವರು ಸರದಿಯ ಮೇಲೆ ಇಲ್ಲಿಗೆ ಬರಬೇಕು, ಅಡುಗೆ ಮಾಡಬೇಕು, ಜೊತೆಗೆ ಕೂತು ಉಣ್ಣಬೇಕು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂರಬೇಕು ಅಂತ ಬರೆದಿತ್ತು.

"ಇದು ನಡೆಯುವುದಿಲ್ಲ. ನನಗೆ ನೋಟಿಸೇ ಬಂದಿಲ್ಲ" ಅಂದೆ.

"ಎದ್ರಿಗೇ ಕುಂತಿದ್ದೀಯಲ್ಲವ್ವ" ಅಂದಳು ಅಜ್ಜಿ. "ಕನಿಕರ ಅನ್ಕಬೇಡ. ಉಳಕ್ಕೆ ಮಾಡ್ದಂಗೇ ಇದೂನೂವೆ."

ನಾನು ಕಾಗದವನ್ನು ಎರಡು ಸಲ ಓದಿದೆ. ಓದದೆ ಬಿಡುವವಳಲ್ಲವಲ್ಲ. ತಪ್ಪೊಂದು ಸಿಕ್ಕಿತು.

"ಎಲ್ಲಿಯ ತನಕ ಅಂತ ಬರೆದೇ ಇಲ್ಲ. ಕೈ ವಾಸಿಯಾಗುವ ತನಕವೋ, ತಿಂಗಳೋ?"

"ಗೊತ್ತು" ಅಂದಳು ಬರೆದವಳು. ತಿದ್ದಲಿಲ್ಲ.

ಸಹಿ ಹಾಕಲು ಬಲಗೈ ಗಾರೆಯಲ್ಲಿತ್ತು. ಅಜ್ಜಿ ಇಂಕಿನ ಪ್ಯಾಡು ಮುಂದೆ ಇಟ್ಟಳು. ಹೆಬ್ಬೆಟ್ಟು ಒತ್ತುವುದಿಲ್ಲ ಅಂತ ಶಪಥ ಮಾಡಿಕೊಂಡ ದಿನ ನೆನಪಾಯಿತು. ಆದರೆ ಆ ಕಾಗದದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಇದರಲ್ಲಿ ಏನಿದೆ, ಏನಿಲ್ಲ ಅಂತ ಗೊತ್ತಿತ್ತು. ಎಡಗೈ ಹೆಬ್ಬೆಟ್ಟು ಅದ್ದಿ ಒತ್ತಿದೆ.

"ಆಯ್ತು, ಒಲೆ ಅಚ್ಚನ ನಡೀರಿ" ಅಂದಳು ಅಜ್ಜಿ. ಹೆಂಗಸರೆಲ್ಲ ಒಟ್ಟಿಗೇ ಎದ್ದರು.

ಬೆಂಚಿನ ಆ ತುದಿ ಮೇಲಕ್ಕೆ ಹೋಯಿತು, ನಾನು ಕೆಳಕ್ಕೆ. ಅಲ್ಲಿಯ ತನಕ ತುಟಿ ಬಿಚ್ಚದೆ ಮರಕ್ಕೆ ಒರಗಿದ್ದ ಬಂಡಳ್ಳಿಯವನು ಕಿರುಚಿದ:

"ಕುಂತ್ಕಳ್ರೀ!"

ಅಷ್ಟೂ ಜನ ದಬಕ್ ಅಂತ ಕೂತರು. ನಾನು ಮೇಲೆ ಬಂದೆ. ಗಾರೆ ಹಾಕಿದ ಕೈ ಹಾಗೇ ಉಳಿಯಿತು. ಅವನ ಹೆಂಡತಿ ಸೆರಗು ಸರಿ ಮಾಡಿಕೊಂಡು ನಿಟ್ಟುಸಿರು ಬಿಟ್ಟಳು.

"ನೋಡಕ್ಕ, ನನ್ ಪಾಲಿನ ಇವತ್ತಿನ ಮಾತೂ ನಿಂಗೇ ಓಯ್ತು."

ಹನೂರಿನ ಅಜ್ಜಿ ನಗಲು ಶುರು ಮಾಡಿದಳು, ಆಮೇಲೆ ಎಲ್ಲರೂ. ಒಲೆ ಹಚ್ಚಲು ಬಹಳ ಹೊತ್ತಾಯಿತು. ಮೊದಲು ಯಾರು ಏಳಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.